ಸಹಾಯ ಬೇಕು: ಆರು ವರ್ಷದ ಹಕ್ಕಿ ಲೆಕ್ಕ, ಈಗ ನನಗೇ ನಂಬಿಕೆ ಇಲ್ಲ

ಎಲ್ಲರಿಗೂ ನಮಸ್ಕಾರ. ನಾನು ಬಳ್ಳಾರಿ ಜಿಲ್ಲೆಯ ಸಂಡೂರಿನವನು. ಆರು ವರ್ಷದಿಂದ ಇಲ್ಲಿನ ಕಾಡಲ್ಲಿ ಹಕ್ಕಿ ಎಣಿಸುತ್ತಿದ್ದೇನೆ. ಅದೇ 12 ಜಾಗ, ತಿಂಗಳಿಗೊಂದು ಭಾನುವಾರ, ಬೆಳಕು ಹರಿದ ಕೂಡಲೇ ಒಂದೊಂದು ಕಡೆ 10 ನಿಮಿಷ ಸುಮ್ನೆ ನಿಂತು, ಕಂಡಿದ್ದು ಕೇಳಿದ್ದು ಎರಡನ್ನೂ ಬರೆದುಕೊಳ್ಳುವುದು.

ಮೊದಲ ನಾಲ್ಕು ವರ್ಷ ಗೆಳೆಯನೊಬ್ಬ ಜೊತೆಗಿದ್ದ. ಅವನ ಕಿವಿ ಬಹಳ ಚುರುಕು, ಅರ್ಧ ಕೂಗು ಕೇಳಿದರೂ ಹೆಸರು ಹೇಳುತ್ತಿದ್ದ. ಅವನು ಊರು ಬಿಟ್ಟ ಮೇಲೆ ನನ್ನ ನೋಟ್‌ಬುಕ್ಕಿನಲ್ಲಿ ಹಳದಿ ಕತ್ತಿನ ಪಿಕಳಾರ ಅರ್ಧಕ್ಕರ್ಧ ಕಡಿಮೆ! ಹಕ್ಕಿಯೇ ಕಡಿಮೆಯಾಯ್ತಾ, ಇಲ್ಲಾ ನನ್ನ ಕಿವಿಗೆ ಬೀಳ್ತಿಲ್ವಾ? ದಕ್ಷಿಣ ಭಾರತದ ಕಲ್ಲುಗುಡ್ಡ ಬಿಟ್ಟರೆ ಜಗತ್ತಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಇದು, ಬಾಯಿಗೆ ಬಂದಂತೆ ಹೇಳೋಕೆ ಆಗಲ್ಲ ಅಲ್ವಾ. ಇನ್ನೊಂದು ಗೋಳು, ಮೂರನೇ ಜಾಗದ ಅತ್ತಿ ಮರ. ಅದು ಹಣ್ಣು ಬಿಟ್ಟ ತಿಂಗಳು ಸುತ್ತಲಿನ ಹಕ್ಕಿಯೆಲ್ಲ ಅಲ್ಲಿಗೇ ಬಂದು ಲೆಕ್ಕ ಎಲ್ಲಿಂದೆಲ್ಲಿಗೋ ಏರುತ್ತದೆ.

ಅಂಕಿಅಂಶ ಗೊತ್ತಿರುವವರು ಯಾರಾದರೂ ಇದ್ದೀರಾ? ಎಣಿಸುವವರು ಬದಲಾದ ವ್ಯತ್ಯಾಸವನ್ನು ಲೆಕ್ಕದಿಂದ ಬೇರೆ ಮಾಡುವುದು ಹೇಗೆ? ಎಲ್ಲ ಎಕ್ಸೆಲ್‌ಗೆ ಹಾಕಿದ್ದೇನೆ, ಬೆವರಿಗೆ ಶಾಯಿ ಅಳಿಸಿದ ಎರಡು ಪುಟ ಬಿಟ್ಟು. ಹಳೇ ಲೆಕ್ಕವನ್ನು ಇ-ಬರ್ಡ್‌ಗೆ (ಹಕ್ಕಿ ನೋಡಿದ್ದನ್ನು ದಾಖಲಿಸುವ ಜಾಲತಾಣ) ಹಾಕುವಾಗ ಇಬ್ಬರೂ ಇದ್ದ ದಿನಗಳನ್ನು ಹೇಗೆ ತೋರಿಸಬೇಕು ಅಂತಲೂ ಹೇಳಿ.

ಬಳ್ಳಾರಿ, ಹೊಸಪೇಟೆ, ಕೊಪ್ಪಳ ಕಡೆ ಕೂಗು ಚೆನ್ನಾಗಿ ಬಲ್ಲವರಿದ್ದರೆ ಎರಡು ಭಾನುವಾರ ಬನ್ನಿ. ಒಂದೇ ಜಾಗದಲ್ಲಿ ನಿಂತು, ಒಬ್ಬರದ್ದು ಒಬ್ಬರು ನೋಡದೆ ಬರೆಯೋಣ, ಆಮೇಲೆ ತಾಳೆ ಹಾಕೋಣ. ಒಗ್ಗರಣೆ, ಮಿರ್ಚಿ ನನ್ನ ಖರ್ಚು.