ಸಹಾಯ ಬೇಕು: ರ‍್ಯಾಲಿ ಫಿನ್ಲೆಂಡ್ ನೋಡುವವರಿಗೆ ಕನ್ನಡ ಕೈಪಿಡಿ

ಎಲ್ಲರಿಗೂ ನಮಸ್ಕಾರ. ಫಿನ್ಲೆಂಡಿನ ಯೂವಾಸ್ಕೂಲಾ ಊರಿನ ಸುತ್ತಮುತ್ತ ನಡೆಯುವ ಕಾರು ಸ್ಪರ್ಧೆ ರ‍್ಯಾಲಿ ಫಿನ್ಲೆಂಡ್‌ಗೆ ಹೋಗುವ ಕನ್ನಡಿಗರಿಗಾಗಿ ಕೈಪಿಡಿ ಬರೆಯುತ್ತಿದ್ದೇವೆ. ಎಲ್ಲಿ ನಿಲ್ಲಬೇಕು ಎಂಬ ಭಾಗ ಮುಗಿದಿದೆ, ಕೆಳಗೆ ಹಾಕಿದ್ದೇವೆ, ತಪ್ಪಿದ್ದರೆ ತಿದ್ದಿ.

ಜಲ್ಲಿಮಣ್ಣಿನ ರಸ್ತೆಯಾದರೂ 2016ರಲ್ಲಿ ಚಾಲಕ ಕ್ರಿಸ್ ಮೀಕ್ ಗೆದ್ದಾಗ ಸರಾಸರಿ ವೇಗವೇ ಗಂಟೆಗೆ 126 ಕಿ.ಮೀ. ದಾಟಿತ್ತು. ಹಾಗಾಗಿ ತಿರುವಿನ ಹೊರಬದಿ ಬೇಡವೇ ಬೇಡ. ಹಿಡಿತ ತಪ್ಪಿದ ಕಾರು ನುಗ್ಗುವುದು ಅಲ್ಲಿಗೇ. ಔನಿನ್‌ಪೊಹ್ಯಾ ಸ್ಟೇಜಿನ (ಸ್ಟೇಜ್ ಎಂದರೆ ಕಾರುಗಳ ಸಮಯ ಅಳೆಯುವ ರಸ್ತೆ ಭಾಗ) ದಿಬ್ಬಗಳಲ್ಲಿ ಕಾರು ಗಾಳಿಯಲ್ಲಿರುವಷ್ಟು ಹೊತ್ತು ಸ್ಟಿಯರಿಂಗೂ ಇಲ್ಲ, ಬ್ರೇಕೂ ಇಲ್ಲ. ಓರೆಯಾಗಿ ಇಳಿದರೆ ನೇರ ಮರಗಳ ಕಡೆಗೆ. ಆದ್ದರಿಂದ ಕಾರು ಇಳಿಯುವ ಜಾಗದ ಪಕ್ಕ ನಿಲ್ಲದೆ, ರಸ್ತೆಗಿಂತ ಎತ್ತರದ, ಹಿಂದೆ ಸರಿಯಲು ಜಾಗವಿರುವ ಕಡೆ ನಿಲ್ಲಿ. ರಸ್ತೆ ಸುರಕ್ಷಿತವೇ ಎಂದು ಮೊದಲು ನೋಡಿಕೊಂಡು ಹೋಗುವ ಸೊನ್ನೆ ನಂಬರಿನ ಕಾರು ಹೋಯಿತೆಂದರೆ ಸ್ಪರ್ಧೆಯ ಕಾರುಗಳು ಹಿಂದೆಯೇ ಇವೆ. ಫೋಟೋಗೆಂದು ರಸ್ತೆ ದಾಟುವ ಆಸೆ ಬಿಡಿ.

ಈಗ ಬೇಕಿರುವುದು ಅಲ್ಲೇ ನೆಲೆಸಿರುವವರ ನೆರವು. ಪಾರ್ಕಿಂಗ್‌ನಿಂದ ಪ್ರೇಕ್ಷಕರ ಜಾಗಕ್ಕೆ ಎಷ್ಟು ನಿಮಿಷದ ನಡಿಗೆ? ರಸ್ತೆ ಮುಚ್ಚುವ ಎಷ್ಟು ಮುಂಚೆ ತಲುಪಿದರೆ ಜಾಗ ಸಿಗುತ್ತದೆ? ವಯಸ್ಸಾದವರಿಗೆ, ಮಕ್ಕಳಿಗೆ ಊರೊಳಗಿನ ಹರ್ಯು ಸ್ಟೇಜ್ ಅನುಕೂಲವೇ? ಸ್ಟೇಜಿನ ಹೆಸರು, ವರ್ಷ ಸೇರಿಸಿ ಕಾಮೆಂಟ್‌ನಲ್ಲಿ ಬರೆಯಿರಿ; ಮ್ಯಾಪ್ ಲೊಕೇಶನ್ ಹಾಕಿದರೆ ಇನ್ನೂ ಒಳ್ಳೆಯದು.