ಕುದುರೆ ಸಾಕಣೆ: ಹೊಸಬರ ಪ್ರಶ್ನೆಗಳು, ಪಶುವೈದ್ಯರ ಉತ್ತರಗಳು

ಹಾಸನದ ಸದಸ್ಯರು: ಡಾಕ್ಟರೇ, ನಮಸ್ಕಾರ. ರೇಸಿನಿಂದ ಬಿಡಿಸಿದ ಥರೋಬ್ರೆಡ್ ಕುದುರೆಯೊಂದನ್ನು ತೋಟಕ್ಕೆ ತಂದಿದ್ದೇವೆ. ತೂಕ ಸುಮಾರು 450 ಕೆ.ಜಿ. ಇದುವರೆಗೆ ಹಸುಗಳನ್ನು ಬಿಟ್ಟು ಬೇರೇನನ್ನೂ ಸಾಕಿದವರಲ್ಲ. ದಿನಕ್ಕೆ ಎಷ್ಟು ಮೇವು, ಎಷ್ಟು ಹುರುಳಿ ಕೊಡಬೇಕೆಂದು ದಯವಿಟ್ಟು ತಿಳಿಸಿ.

ವೈದ್ಯರು: ನಮಸ್ಕಾರ. ಕುದುರೆಗೆ ಮುಖ್ಯ ಆಹಾರ ಹುಲ್ಲು. ಕಾಳು ಅದಕ್ಕೆ ಸೇರಿಕೆ ಮಾತ್ರ. ದೇಹತೂಕದ ಶೇ. 1.5ರಿಂದ 2ರಷ್ಟು, ಎಂದರೆ ನಿಮ್ಮ ಕುದುರೆಗೆ 7ರಿಂದ 9 ಕೆ.ಜಿ. ಒಣಹುಲ್ಲನ್ನು ಒಂದೇ ಸಲ ಸುರಿಯದೆ ದಿನವಿಡೀ ಹಂಚಿ ಕೊಡಿ. ಹುರುಳಿ ಕಡ್ಡಾಯವಲ್ಲ, ಕೊಡುವುದಾದರೆ ಬೇಯಿಸಿ ಕೊಡಿ. ಎಲ್ಲ ಕಾಳೂ ಸೇರಿ ಒಂದು ಹೊತ್ತಿಗೆ 2 ಕೆ.ಜಿ. ಮೀರಬಾರದು. ದಿನಕ್ಕೆ 25ರಿಂದ 50 ಲೀಟರ್ ನೀರು ಬೇಕಾಗುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ರೇಸಿನ ಲಾಯದಲ್ಲಿ ತಿನ್ನುತ್ತಿದ್ದ ಓಟ್ಸನ್ನು ಏಕಾಏಕಿ ನಿಲ್ಲಿಸದೆ ಹತ್ತು ದಿನಗಳಲ್ಲಿ ನಿಧಾನವಾಗಿ ಬದಲಾಯಿಸಿ.

ಮಂಡ್ಯದ ಸದಸ್ಯರು: ನಮ್ಮ ಮಗಳ ಸವಾರಿಗೆಂದು ತಂದ ಪೋನಿಗೆ ಎಷ್ಟು ಹುರುಳಿ ಕೊಡಬೇಕು? ಜೊತೆಗೆ, ಒಳ್ಳೆಯ ಜೀನು ಎಲ್ಲಿ ಸಿಗುತ್ತದೆ?

ವೈದ್ಯರು: ತೂಕದ ಲೆಕ್ಕ ಮೇಲೆಯೇ ಇದೆ. ಪೋನಿಗೆ ಕಾಳೇ ಬೇಡ.

ಚಿಕ್ಕಬಳ್ಳಾಪುರದ ಸದಸ್ಯರು: ತುರ್ತಾಗಿದೆ. ನಮ್ಮ ಹೆಣ್ಣುಕುದುರೆ ನಿನ್ನೆ ಸಂಜೆ ಹಸುಗಳಿಗೆಂದು ಇಟ್ಟಿದ್ದ ಪಶುಆಹಾರದ ಚೀಲವನ್ನು ಹರಿದು ಬಹಳಷ್ಟು ತಿಂದಿದೆ. ಬೆಳಗಿನಿಂದ ಮುಂಗಾಲಿನಲ್ಲಿ ನೆಲ ಕೆರೆಯುತ್ತಿದೆ, ತಿರುಗಿ ತಿರುಗಿ ಪಕ್ಕೆಯನ್ನು ನೋಡುತ್ತಿದೆ, ಮಲಗುತ್ತದೆ, ಏಳುತ್ತದೆ. ರಾತ್ರಿಯಿಂದ ಲದ್ದಿ ಹಾಕಿಲ್ಲ. ಕಡಲೆಕಾಯಿ ಎಣ್ಣೆಗೆ ಇಂಗು ಮತ್ತು ಅಡುಗೆ ಸೋಡಾ ಬೆರೆಸಿ ಗೊಟ್ಟದಲ್ಲಿ (ಔಷಧ ಕುಡಿಸುವ ಬಿದಿರಿನ ಕೊಳವೆಯಲ್ಲಿ) ಕುಡಿಸಬೇಕೆಂದು ವಾಟ್ಸಾಪ್‌ನಲ್ಲಿ ಬಂದಿದೆ. ಕುಡಿಸಬಹುದೇ?

ವೈದ್ಯರು: ಕುಡಿಸಬೇಡಿ. ಹತ್ತಿರದ ಪಶುವೈದ್ಯರಿಗೆ ಈಗಲೇ ಕರೆ ಮಾಡಿ, ಅವರು ಬರುವುದರೊಳಗೆ ಇದನ್ನು ಓದಿ.

ಕುದುರೆಗೆ ವಾಂತಿ ಮಾಡಿಕೊಳ್ಳಲು ಆಗುವುದಿಲ್ಲ. ಅನ್ನನಾಳವು ಜಠರವನ್ನು ಸೇರುವಲ್ಲಿ ಸ್ನಾಯುವಿನ ಬಿಗಿಯಾದ ತಡೆಯಿದ್ದು, ಒಳಗೆ ಹೋದದ್ದು ಹಿಂದಕ್ಕೆ ಬರುವುದಿಲ್ಲ. ಆ ದೊಡ್ಡ ದೇಹದಲ್ಲಿ ಜಠರವು ಹಿಡಿಸುವುದು ಮಾತ್ರ 8ರಿಂದ 15 ಲೀಟರ್. ಹುಳಿಯುತ್ತಿರುವ ಕಾಳಿನಿಂದ ಉಬ್ಬಿರುವ ಜಠರಕ್ಕೆ ಮೇಲಿಂದ ಎಣ್ಣೆ, ಸೋಡಾ ಸುರಿದರೆ ಅದು ಒಡೆಯಬಹುದು, ಒಡೆದರೆ ಉಳಿಸಲಾಗದು. ಹಸುವಿಗೆ ಗೊಟ್ಟ ಹಾಕಿ ಅಭ್ಯಾಸವಿರುವವರು ಕುದುರೆಯ ತಲೆಯನ್ನೂ ಹಾಗೆಯೇ ಎತ್ತಿ ಹಿಡಿಯುತ್ತಾರೆ. ಆಗ ಎಣ್ಣೆ ಶ್ವಾಸಕೋಶಕ್ಕೆ ಇಳಿದು, ಹೊಟ್ಟೆನೋವಿನಿಂದ ಬದುಕಿದ ಪ್ರಾಣಿಯೂ ನ್ಯುಮೋನಿಯಾದಿಂದ ಸಾಯಬಹುದು. ವೈದ್ಯರು ಮೂಗಿನ ಮೂಲಕ ಜಠರಕ್ಕೆ ಕೊಳವೆ ಇಳಿಸಿ, ಒಳಗಿರುವುದನ್ನು ಮೊದಲು ಹೊರಗೆ ತೆಗೆದು, ಆಮೇಲೆ ಬೇಕಾದದ್ದನ್ನು ಕೊಡುತ್ತಾರೆ.

ಈಗ ನೀವು ಮಾಡಬೇಕಾದದ್ದು ಇಷ್ಟು. ಮೇವೆಲ್ಲವನ್ನೂ ಎದುರಿನಿಂದ ತೆಗೆಯಿರಿ. ದವಡೆಯ ಮೂಳೆಯ ಒಳಅಂಚಿನಲ್ಲಿ ಬೆರಳಿಟ್ಟರೆ ನಾಡಿ ಸಿಗುತ್ತದೆ. ಆರೋಗ್ಯವಾಗಿ ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರಬೇಕು, 60 ದಾಟಿದ್ದರೆ ವೈದ್ಯರಿಗೆ ಕೂಡಲೇ ತಿಳಿಸಿ. ಒಸಡನ್ನು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಎರಡೂ ಪಕ್ಕೆಗೆ ಕಿವಿಯಿಟ್ಟು ಕೇಳಿ. ಗುಡುಗುಡು ಸದ್ದು ಇಲ್ಲದಿರುವುದು ಒಳ್ಳೆಯ ಲಕ್ಷಣವಲ್ಲ. ನೋವಿನ ಚುಚ್ಚುಮದ್ದನ್ನು ನೀವೇ ಕೊಡಬೇಡಿ, ಕೊಟ್ಟರೆ ರೋಗದ ತೀವ್ರತೆ ವೈದ್ಯರಿಗೆ ತಿಳಿಯದಂತೆ ಮರೆಯಾಗುತ್ತದೆ.

ನನ್ನನ್ನು ಇನ್ನೂ ಹೆಚ್ಚು ಕಾಡುತ್ತಿರುವುದು ಆ ಚೀಲ. ಕೋಳಿ ಆಹಾರದಲ್ಲಿಯೂ ಕೆಲವು ಪಶುಆಹಾರಗಳಲ್ಲಿಯೂ ಮೊನೆನ್ಸಿನ್ ಎಂಬ ಔಷಧ ಬೆರೆತಿರುತ್ತದೆ. ಹಸು ಸಹಿಸುವ ಅಳತೆಯಲ್ಲಿಯೇ ಅದು ಕುದುರೆಯ ಹೃದಯದ ಸ್ನಾಯುವನ್ನು ಹಾಳುಮಾಡಬಲ್ಲದು. ಚೀಲದ ಮೇಲಿನ ಚೀಟಿಯ ಚಿತ್ರವನ್ನು ಇಲ್ಲಿ ಹಾಕಿ, ಚೀಲವನ್ನು ವೈದ್ಯರಿಗೂ ತೋರಿಸಿ.

ಮೈಸೂರಿನ ಸದಸ್ಯರು: ನಮ್ಮದು ಮೂರು ತಲೆಮಾರಿನ ಟಾಂಗಾ ಮನೆತನ. ಹೊಟ್ಟೆನೋವು ಬಂದರೆ ರಾತ್ರಿಯೆಲ್ಲ ಓಡಿಸುತ್ತಿದ್ದೆವು, ಎಣ್ಣೆಯನ್ನೂ ಕುಡಿಸುತ್ತಿದ್ದೆವು. ಒಂದೂ ಸತ್ತಿಲ್ಲ.

ಬೆಳಗಾವಿಯ ಸದಸ್ಯರು: ಸತ್ತದ್ದನ್ನು ನೀವು ಲೆಕ್ಕಕ್ಕೆ ಹಿಡಿದಿಲ್ಲ ಅಷ್ಟೇ. ನೋವಿನಲ್ಲಿರುವ ಪ್ರಾಣಿಯನ್ನು ಓಡಿಸುವುದು ಹಿಂಸೆ.

ಮೈಸೂರಿನ ಸದಸ್ಯರು: ಒಂದು ದಿನವೂ ಲದ್ದಿ ಬಾಚದವರು ನಮಗೆ ಹಿಂಸೆಯ ಪಾಠ ಹೇಳಬೇಕಾಗಿಲ್ಲ.

ವೈದ್ಯರು: ಹೊರಳಾಡಿ ಪೆಟ್ಟು ಮಾಡಿಕೊಳ್ಳುವಂತಿದ್ದರೆ ಸ್ವಲ್ಪ ಹೊತ್ತು ಮೆಲ್ಲಗೆ ನಡೆಸಬಹುದು. ಸುಮ್ಮನೆ ಮಲಗಿದ್ದರೆ ಮಲಗಿರಲಿ. ಓಡಿಸಕೂಡದು. ಉಳಿದ ಜಗಳವನ್ನು ಬೇರೆಡೆ ಆಡಿ.

ವಿಜಯಪುರದ ಸದಸ್ಯರು: ನೋಡಿ ಬಂದ ಮಾರವಾಡಿ ತಳಿಯ ಕುದುರೆಯ ಕತ್ತಿನಲ್ಲಿ ಶುಭವೆನ್ನುವ ದೇವಮಣಿ ಸುಳಿಯಿದೆ, ಆದರೆ ಹಣೆಯ ಸುಳಿ ಸರಿಯಿಲ್ಲ ಎನ್ನುತ್ತಾರೆ. ಕೊಳ್ಳಬಹುದೇ?

ಬೆಳಗಾವಿಯ ಸದಸ್ಯರು: ಈ ಕಾಲದಲ್ಲಿಯೂ ಸುಳಿಯೇ?

ಮೈಸೂರಿನ ಸದಸ್ಯರು: ಸುಳಿ ನೋಡದೆ ಕುದುರೆ ಕೊಂಡವರು ಯಾರೂ ಉದ್ಧಾರವಾಗಿಲ್ಲ.

ವೈದ್ಯರು: ಗೊರಸು ನೋಡಿ, ಹಲ್ಲು ನೋಡಿ, ಗಟ್ಟಿ ನೆಲದ ಮೇಲೆ ನಡೆಸಿ ಕುಂಟುತ್ತದೆಯೇ ನೋಡಿ. ಹಣ ಕೊಡುವ ಮೊದಲು ಗ್ಲಾಂಡರ್ಸ್ ಎಂಬ ಸೋಂಕುರೋಗದ ರಕ್ತಪರೀಕ್ಷೆ ಮಾಡಿಸಿ. ಆ ರೋಗ ಮನುಷ್ಯರಿಗೂ ಹರಡುತ್ತದೆ, ಹಿಸ್ಸಾರಿನ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರವು ರೋಗವನ್ನು ಖಚಿತಪಡಿಸಿದರೆ ಕಾನೂನಿನ ಪ್ರಕಾರ ಕುದುರೆಯನ್ನು ಕೊಲ್ಲಬೇಕಾಗುತ್ತದೆ. ಸುಳಿಯ ವಿಷಯ ನನ್ನನ್ನು ಕೇಳಬೇಡಿ.

ಮಂಡ್ಯದ ಸದಸ್ಯರು: ಜೀನಿನ ಬಗ್ಗೆ ಯಾರೂ ಹೇಳಲಿಲ್ಲ.

ಹಾಸನದ ಸದಸ್ಯರು: ಗೊರಸಿನ ಅಡಿಗೆ ಮೊಳೆ ಚುಚ್ಚಿದೆ. ಕಿತ್ತು ಸೀಮೆಎಣ್ಣೆ, ಅರಿಸಿನ ಹಚ್ಚಿ ಎಂದು ಇದೇ ಬಳಗದಲ್ಲಿ ಹಿಂದೆ ಯಾರೋ ಹಾಕಿದ್ದರು.

ವೈದ್ಯರು: ಯಾರೋ ಹಾಕಿದ್ದನ್ನು ಕುದುರೆಗೆ ಹಚ್ಚಬೇಡಿ. ಮೊಳೆ ಎಷ್ಟು ಆಳಕ್ಕೆ, ಯಾವ ದಿಕ್ಕಿಗೆ ಹೋಗಿದೆಯೆಂದು ವೈದ್ಯರು ನೋಡುವ ತನಕ ಕೀಳದೆ, ಇನ್ನಷ್ಟು ಒಳಕ್ಕೆ ಇಳಿಯದಂತೆ ಸುತ್ತ ದಪ್ಪ ಬಟ್ಟೆ ಕಟ್ಟಿ ನಿಲ್ಲಿಸಿ. ಧನುರ್ವಾಯು ಕುದುರೆಗಳಿಗೆ ಬಹಳ ಬೇಗ ತಗಲುತ್ತದೆ. ಲಸಿಕೆ ಹಾಕಿಸಿದ ದಾಖಲೆ ಇದೆಯೇ?

ಹಾಸನದ ಸದಸ್ಯರು: ಮಾರಿದವರು ಏನೂ ಹೇಳಲಿಲ್ಲ.

ವೈದ್ಯರು: ಹಾಗಾದರೆ ಇಲ್ಲವೆಂದೇ ತಿಳಿದು ಇಂದೇ ಧನುರ್ವಾಯುವಿನ ಆಂಟಿಟಾಕ್ಸಿನ್ (ವಿಷನಿರೋಧಕ ಚುಚ್ಚುಮದ್ದು) ಕೊಡಿಸಿ.

ಚಿಕ್ಕಬಳ್ಳಾಪುರದ ಸದಸ್ಯರು: ವೈದ್ಯರು ಬಂದು ಕೊಳವೆ ಹಾಕಿದರು. ಹುಳಿವಾಸನೆಯ ನೀರು ಬಹಳ ಹೊರಬಂತು. ನಾಡಿ 64 ಇದ್ದದ್ದು 48ಕ್ಕೆ ಇಳಿದಿದೆ. ಗಂಡಾಂತರ ಕಳೆಯಿತೇ? ಶಕ್ತಿಗೆ ಬೂಸಾ ಗಂಜಿ ಕೊಡಬಹುದೇ?

ವೈದ್ಯರು: ಬೂಸಾ ಬೇಡ. ಲದ್ದಿ ಬಿದ್ದ ಮೇಲೆ, ಅಲ್ಲಿನ ವೈದ್ಯರು ಒಪ್ಪಿದರೆ, ಒಂದೊಂದು ಹಿಡಿ ಹುಲ್ಲು ಕೊಡಿ. ಕಾಳು ಹೆಚ್ಚಾಗಿ ತಿಂದ ಕುದುರೆಗೆ ಒಂದೆರಡು ದಿನ ಕಳೆದ ಮೇಲೆ ಗೊರಸಿನೊಳಗೆ ಉರಿಯೂತ ಬಂದು ಕಾಯಂ ಕುಂಟಾಗುವುದುಂಟು. ಆದ್ದರಿಂದ ಮೂರು ದಿನ ಎಡೆಬಿಡದೆ ನಾಲ್ಕೂ ಗೊರಸುಗಳನ್ನು ಮಂಜುಗಡ್ಡೆಯ ನೀರಿನಲ್ಲಿ ಇಡುವ ವ್ಯವಸ್ಥೆ ಮಾಡಿ.

ಮೈಸೂರಿನ ಸದಸ್ಯರು: ಇಂಗಿನ ನೀರನ್ನಾದರೂ ಸ್ವಲ್ಪ ಕುಡಿಸಬಹುದಲ್ಲವೇ?

ವೈದ್ಯರು: ಇಲ್ಲ. ಚಿಕ್ಕಬಳ್ಳಾಪುರದವರೇ, ಚೀಲದ ಚೀಟಿ ಇನ್ನೂ ಬಂದಿಲ್ಲ. ಮೊದಲು ಅದನ್ನು ಹಾಕಿ.