ಒಣಚರ್ಮಕ್ಕೆ ಮುರುಗಲ ತುಪ್ಪ: ಮನೆಯಲ್ಲಿ ಮಾಡಿ ಬಳಸಿದವರ ಅನುಭವ

ಕೋರಿಕೆ, ಕಾರವಾರದಿಂದ:

ಚಳಿ ಶುರುವಾದ ಮೇಲೆ ನನಗೂ ನಾಲ್ಕು ವರ್ಷದ ಮಗಳಿಗೂ ಮೊಣಕೈ, ಮೊಣಕಾಲುಗಳ ಚರ್ಮ ಬೆಳ್ಳಗಾಗಿ ಬಿರಿಯುತ್ತಿದೆ. ಅಂಗಡಿಯ ಲೋಷನ್ನಿನ ಪರಿಮಳ ಮಗುವಿಗೆ ಒಗ್ಗುವುದಿಲ್ಲ. ನಮ್ಮ ಅತ್ತೆಯವರಿಗೆ ಸಕ್ಕರೆ ಕಾಯಿಲೆಯಿದ್ದು, ಹಿಮ್ಮಡಿ ಒಡೆದಿದೆ. ತೆಂಗಿನೆಣ್ಣೆ, ಲೋಳೆಸರ ಮತ್ತು ಲಿಂಬೆರಸವನ್ನು ಕಡೆದು ಲೋಷನ್ ಮಾಡಬಹುದೆಂದು ಓದಿದ್ದೇನೆ. ನಿಜವಾಗಿ ಮಾಡಿ ಬಳಸಿದವರು ಏನು ಹಾಕಬೇಕು, ಎಷ್ಟು ಕಾಲ ಕೆಡದೆ ಉಳಿಯುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.

ಶಿರಸಿ ಸೀಮೆಯ ತೋಟದ ಮನೆಯಿಂದ:

ತಂಗೀ, ನಮ್ಮ ಕಡೆ ಈ ತೊಂದರೆಗೆ ಮೊದಲು ನೆನಪಾಗುವುದು ಮುರುಗಲ ತುಪ್ಪ, ಅಂದರೆ ಮುರುಗಲು (ಪುನರ್ಪುಳಿ, ಕೋಕಂ) ಹಣ್ಣಿನ ಬೀಜದಿಂದ ತೆಗೆಯುವ ಗಟ್ಟಿ ಕೊಬ್ಬು. ಅಡಿಕೆ ಸುಲಿಯುವ ಹಂಗಾಮಿನಲ್ಲಿ ರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕುಳಿತವರ ಬೆರಳುಗಳು ಹಸಿ ಅಡಿಕೆಯ ಒಗರಿಗೆ ಕಪ್ಪಾಗಿ, ಗೆಣ್ಣಿನ ಮಡಿಕೆಗಳಲ್ಲಿ ಸೀಳು ಬಿಡುತ್ತವೆ. ಬಿಸಿನೀರಿಗೆ ಕೈ ಹಾಕಿದರೆ ಚುರುಗುಟ್ಟುತ್ತದೆ. ಮಲಗುವ ಮುಂಚೆ ಕೈ ತೊಳೆದು, ತೇವ ಪೂರ್ತಿ ಆರುವುದರೊಳಗೆ ಈ ತುಪ್ಪವನ್ನು ತಿಕ್ಕಿಕೊಂಡರೆ ಬೆಳಗಿನ ಹೊತ್ತಿಗೆ ಚರ್ಮದ ಬಿಗಿತ ಸಡಿಲಾಗಿರುತ್ತದೆ. ಎರಡು ಮೂರು ರಾತ್ರಿ ತಪ್ಪದೆ ಹಚ್ಚಿದರೆ ಸೀಳಿನ ಅಂಚು ಮೆದುವಾಗಿ ಕೂಡಿಕೊಳ್ಳಲು ಶುರುವಾಗುತ್ತದೆ.

ತುಪ್ಪ ತೆಗೆಯುವ ಕ್ರಮವನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಈಗಿನವರಲ್ಲಿ ಅನೇಕರು ಸಿಪ್ಪೆಯನ್ನು ಸಾರಿಗೂ ಪಾನಕಕ್ಕೂ ಇಟ್ಟುಕೊಂಡು ಬೀಜವನ್ನು ಗೊಬ್ಬರದ ಗುಂಡಿಗೆ ಹಾಕುತ್ತಾರೆ, ಅದು ನನಗೆ ಬಹಳ ಬೇಸರದ ಸಂಗತಿ. ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಕೊಬ್ಬೇ ಇರುತ್ತದೆ. ಬೇಸಿಗೆಯಲ್ಲಿ ಹಣ್ಣಾದಾಗ ಬೀಜಗಳನ್ನು ತೊಳೆದು, ಗಲಗಲ ಸದ್ದು ಬರುವಂತೆ ಒಣಗಿಸಿ, ಮೇಲಿನ ಸಿಪ್ಪೆ ತೆಗೆದು, ತಿರುಳನ್ನು ಕುಟ್ಟಿ ಅರೆದು, ಸಾಕಷ್ಟು ನೀರಿನಲ್ಲಿ ಕುದಿಸಬೇಕು. ಮೇಲೆ ತೇಲಿ ಬರುವ ಎಣ್ಣೆಯನ್ನು ಸೌಟಿನಲ್ಲಿ ಮೆಲ್ಲನೆ ತೆಗೆದು ಬೇರೆ ಪಾತ್ರೆಗೆ ಹಾಕಿ, ನೀರಿನ ಚಟಪಟ ಸದ್ದು ನಿಲ್ಲುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿ ಸೋಸಿದರೆ, ಆರಿದ ಮೇಲೆ ಮಾಸಲು ಬಿಳಿ ಬಣ್ಣದ ಗಟ್ಟಿ ತುಪ್ಪವಾಗುತ್ತದೆ. ಈ ಕೊನೆಯ ಕಾಯಿಸುವಿಕೆಯನ್ನು ಅವಸರದಲ್ಲಿ ಮುಗಿಸಬಾರದು. ತುಪ್ಪ ಬಹುಕಾಲ ಉಳಿಯುವುದು ಅದರಲ್ಲಿ ನೀರಿನಂಶ ಇಲ್ಲದಿರುವುದರಿಂದಲೇ.

ಬರೀ ಮುರುಗಲ ತುಪ್ಪ ಬಹಳ ಗಟ್ಟಿ. 38ರಿಂದ 42 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಮಾತ್ರ ಕರಗುವುದರಿಂದ ಮೈಗೆಲ್ಲ ಹಚ್ಚಲು ಕಷ್ಟ. ಕಾರವಾರದ ಹವೆಗೆ 100 ಗ್ರಾಂ ಲೇಪ ಬೇಕಾದರೆ 30 ಗ್ರಾಂ ಮುರುಗಲ ತುಪ್ಪ, 65 ಗ್ರಾಂ ತೆಂಗಿನೆಣ್ಣೆ, 5 ಗ್ರಾಂ ಜೇನುಮೇಣ ಹಿಡಿಯಿರಿ. ಘಟ್ಟದ ಮೇಲೆ ಇದೇ ಅಳತೆಯಲ್ಲಿ ಮಾಡಿದರೆ ಜನವರಿಯ ಬೆಳಗಿನಲ್ಲಿ ಡಬ್ಬಿಗೆ ಬೆರಳು ಇಳಿಯುವುದಿಲ್ಲ, ಏಕೆಂದರೆ ತೆಂಗಿನೆಣ್ಣೆಯೂ ಸುಮಾರು 24 ಡಿಗ್ರಿಯ ಕೆಳಗೆ ಹೆಪ್ಪುಗಟ್ಟುತ್ತದೆ. ಆದ್ದರಿಂದ ನಾವು ಮುರುಗಲ ತುಪ್ಪವನ್ನು 20 ಗ್ರಾಮಿಗೆ ಇಳಿಸಿ, ತೆಂಗಿನೆಣ್ಣೆಯ ಅರ್ಧಕ್ಕಿಂತ ಹೆಚ್ಚು ಪಾಲಿಗೆ ಎಳ್ಳೆಣ್ಣೆ ಹಾಕುತ್ತೇವೆ. ಕುದಿಯುವ ನೀರಿನ ಪಾತ್ರೆಯೊಳಗೆ ಒಣ ಸ್ಟೀಲ್ ಬಟ್ಟಲನ್ನಿಟ್ಟು ಮೊದಲು ಮೇಣ, ನಂತರ ತುಪ್ಪ, ಕೊನೆಗೆ ಎಣ್ಣೆ ಹಾಕಿ ಕರಗಿಸಿ. ಕೆಳಗಿಳಿಸಿದ ಮೇಲೆ ಬಟ್ಟಲನ್ನು ತಣ್ಣೀರಿನಲ್ಲಿಟ್ಟು, ಮಂದವಾಗುವವರೆಗೆ ಕೈ ಬಿಡದೆ ಕದಡಬೇಕು. ಸುಮ್ಮನೆ ಬಿಟ್ಟು ನಿಧಾನವಾಗಿ ಆರಿಸಿದರೆ ಹರಳು ಹರಳಾಗಿ, ಹಚ್ಚುವಾಗ ರವೆಯಂತೆ ಕೈಗೆ ಸಿಗುತ್ತದೆ. ಗುಣವೇನೂ ಕೆಡುವುದಿಲ್ಲ, ಆದರೆ ಮಕ್ಕಳು ಹಚ್ಚಿಸಿಕೊಳ್ಳಲು ಒಪ್ಪುವುದಿಲ್ಲ.

ಕುಮಟಾದಿಂದ, ನಿವೃತ್ತ ರಸಾಯನಶಾಸ್ತ್ರ ಶಿಕ್ಷಕರು:

ಮೇಲಿನವರು ಹೇಳಿದ್ದು ಲೇಪ. ನೀವು ಕೇಳಿದ್ದು ಲೋಷನ್. ಇವೆರಡರ ವ್ಯತ್ಯಾಸ ನೀರಿನಲ್ಲಿದೆ, ಕೆಡುವ ಪ್ರಶ್ನೆಯೂ ಅಲ್ಲಿಯೇ ಹುಟ್ಟುತ್ತದೆ. ಲೋಳೆಸರದ ತಿರುಳು ಬಹುಪಾಲು ನೀರೇ ಆಗಿರುವುದರಿಂದ, ಅದನ್ನು ಎಣ್ಣೆಯೊಡನೆ ಮಿಕ್ಸರಿನಲ್ಲಿ ತಿರುಗಿಸಿದಾಗ ಬೆಳ್ಳಗೆ ಕೆನೆಯಂತೆ ಕಂಡರೂ ಸ್ವಲ್ಪ ಹೊತ್ತಿಗೆ ತಳದಲ್ಲಿ ನೀರು ಬಿಟ್ಟುಕೊಳ್ಳುತ್ತದೆ. ಜೇನುಮೇಣ ದಪ್ಪ ಕೊಡುತ್ತದೆಯೇ ಹೊರತು ಎಣ್ಣೆಯನ್ನೂ ನೀರನ್ನೂ ಭದ್ರವಾಗಿ ಬೆಸೆಯುವುದಿಲ್ಲ. ಬೆಸೆಯಲು ಎಮಲ್ಸಿಫೈಯಿಂಗ್ ವ್ಯಾಕ್ಸ್ ಎಂಬ ಪದಾರ್ಥ ಬೇಕು. ಅದನ್ನು ಎಣ್ಣೆಯೊಡನೆ ಕರಗಿಸಿ, ನೀರನ್ನೂ ಎಣ್ಣೆಯನ್ನೂ ಬೇರೆ ಬೇರೆಯಾಗಿ ಸುಮಾರು 70 ಡಿಗ್ರಿಗೆ ಕಾಯಿಸಿ ಕೂಡಿಸಿ ಕಡೆಯಬೇಕು.

ಇಷ್ಟು ಮಾಡಿದರೂ, ನೀರಿರುವ ಯಾವ ಲೇಪದಲ್ಲಿಯೂ ಬೂಷ್ಟು ಮತ್ತು ಬ್ಯಾಕ್ಟೀರಿಯಾ ಬೆಳೆಯುತ್ತವೆ; ನಮ್ಮ ಕರಾವಳಿಯ ಹವೆಯಲ್ಲಿ ಇನ್ನೂ ಬೇಗ. ಕಣ್ಣಿಗೆ ಕಾಣುವ ಮೊದಲೇ ಅದು ಕೆಟ್ಟಿರಬಹುದು ಎಂಬುದು ಮುಖ್ಯ ಸಂಗತಿ. ವಿಟಮಿನ್ ಇ ಗುಳಿಗೆಯನ್ನು ಒಡೆದು ಹಾಕಿದರೆ ಸಾಕೆಂದು ಅನೇಕರು ನಂಬಿದ್ದಾರೆ. ಅದು ಎಣ್ಣೆ ಕಮಟು ವಾಸನೆಗೆ ತಿರುಗುವುದನ್ನು ತಡಮಾಡುತ್ತದೆಯೇ ಹೊರತು ಸೂಕ್ಷ್ಮಜೀವಿಗಳನ್ನು ತಡೆಯುವುದಿಲ್ಲ. ಕೆಡದಂತೆ ತಡೆಯುವ ಪದಾರ್ಥವನ್ನು ಸರಿಯಾದ ಪ್ರಮಾಣದಲ್ಲಿ ಹಾಕಲು ನಿಮಗೆ ಮನಸ್ಸಿಲ್ಲದಿದ್ದರೆ, ಎರಡು ಮೂರು ದಿನಕ್ಕಾಗುವಷ್ಟೇ ಮಾಡಿ ಫ್ರಿಜ್ಜಿನಲ್ಲಿಟ್ಟು, ಉಳಿದದ್ದನ್ನು ಚೆಲ್ಲಿಬಿಡಿ. ಪುಟ್ಟ ಮಗುವಿರುವ ಮನೆಗೆ ನೀರಿಲ್ಲದ ಲೇಪವೇ ಸುರಕ್ಷಿತ ಎಂಬುದು ನನ್ನ ಖಚಿತ ಅಭಿಪ್ರಾಯ.

ಲಿಂಬೆರಸವನ್ನಂತೂ ಬಿಟ್ಟೇಬಿಡಿ. ಲಿಂಬೆ ಸೋಕಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತೆ ಕೆಂಪಾಗಿ, ಬಹಳ ದಿನ ಉಳಿಯುವ ಕಪ್ಪು ಕಲೆ ಬೀಳಬಹುದು. ಬಿರಿದ ಚರ್ಮಕ್ಕೆ ಉರಿಯೂ ಹೆಚ್ಚು. ಲೋಳೆಸರವನ್ನು ತಾಜಾ ಆಗಿ ಹಚ್ಚುವುದಾದರೆ, ಎಲೆ ಕೊಯ್ದ ಮೇಲೆ ನೆಟ್ಟಗೆ ನಿಲ್ಲಿಸಿ, ಇಳಿಯುವ ಹಳದಿ ರಸವನ್ನು ಪೂರ್ತಿ ಬಸಿದು ತೊಳೆದು ತೆಗೆಯಬೇಕು, ಏಕೆಂದರೆ ಕೆಲವರಿಗೆ ಆ ರಸದಿಂದಲೇ ತುರಿಕೆ ಬರುತ್ತದೆ.

ಅಂಕೋಲೆಯಿಂದ:

ಲೇಪ ಯಾವುದಾದರೂ ಆಗಲಿ, ಬಚ್ಚಲಿನಲ್ಲಿ ಆಗುವ ತಪ್ಪು ಸರಿಹೋಗದೆ ಗುಣ ಕಾಣುವುದಿಲ್ಲ ಎಂಬುದು ನಮ್ಮ ಮನೆಯ ಅನುಭವ. ಹಂಡೆಯ ಸುಡುನೀರನ್ನು ಹದ ಮಾಡದೆ ಹೊಯ್ದುಕೊಂಡು, ದಿನವೂ ಮೈಗೆಲ್ಲ ಸೋಪು ಉಜ್ಜಿದರೆ ಚರ್ಮದ ಸ್ವಂತ ಜಿಡ್ಡು ತೊಳೆದುಹೋಗುತ್ತದೆ. ಉಗುರುಬೆಚ್ಚಗಿನ ನೀರು ಸಾಕು. ಸೋಪನ್ನು ಕಂಕುಳು, ತೊಡೆಸಂದಿ, ಪಾದಗಳಿಗೆ ಮಾತ್ರ ಬಳಸಬಹುದು. ಸಮುದ್ರದಲ್ಲಿ ಆಡಿ ಬಂದ ಮಗುವಿಗೆ ಸಿಹಿನೀರಿನಲ್ಲಿ ಉಪ್ಪು ಹೋಗುವಂತೆ ಸ್ನಾನ ಮಾಡಿಸಿ. ಟವೆಲ್ಲಿನಿಂದ ಉಜ್ಜದೆ ಒತ್ತಿ ಒರೆಸಿ, ಮೈ ಇನ್ನೂ ತೇವವಿರುವಾಗಲೇ, ಬಟ್ಟೆ ಹಾಕುವ ಮೊದಲು ಹಚ್ಚಬೇಕು. ಇಂಥ ಲೇಪಗಳು ಹೊಸದಾಗಿ ತೇವ ತರುವುದಕ್ಕಿಂತ, ಇರುವ ತೇವ ಹಾರದಂತೆ ಹಿಡಿದಿಡುತ್ತವೆ.

ಕಾರವಾರದಿಂದ, ಕೋರಿಕೆ ಇಟ್ಟವರು:

ಎಲ್ಲರಿಗೂ ಕೃತಜ್ಞತೆಗಳು. ನೀರಿಲ್ಲದ ಲೇಪವನ್ನೇ ಮಾಡುತ್ತೇನೆ. ಮಗಳಿಗೆ ನೇರವಾಗಿ ಹಚ್ಚಬಹುದೇ, ಅತ್ತೆಯವರ ಹಿಮ್ಮಡಿಗೂ ಇದೇ ಆಗುತ್ತದೆಯೇ ಎಂಬುದನ್ನು ತಿಳಿದವರು ಹೇಳಬೇಕು.

ಹೊನ್ನಾವರದಿಂದ, ದಾದಿಯಾಗಿ ಕೆಲಸ ಮಾಡುವವರು:

ಮಗುವಿನ ಮುಂಗೈಯ ಒಳಭಾಗಕ್ಕೆ ಚಿಟಿಕೆಯಷ್ಟು ಹಚ್ಚಿ, ಎರಡು ದಿನ ನೋಡಿ, ಕೆಂಪು ಅಥವಾ ತುರಿಕೆ ಇಲ್ಲದಿದ್ದರೆ ಮುಂದುವರಿಸಿ. ಕರ್ಪೂರ, ಸುಗಂಧ ತೈಲ ಯಾವುದನ್ನೂ ಬೆರೆಸಬೇಡಿ. ಮೊಣಕೈ, ಮೊಣಕಾಲಿನ ಮಡಿಕೆಗಳಲ್ಲಿ ತುರಿಕೆ ಮತ್ತೆ ಮತ್ತೆ ಬರುತ್ತಿದ್ದರೆ ಅದು ಬರೀ ಒಣಚರ್ಮವಲ್ಲದೆ ಎಕ್ಸಿಮಾ ಇರಬಹುದು. ಆಗ ಚರ್ಮದ ವೈದ್ಯರಿಗೆ ತೋರಿಸಿ.

ಅತ್ತೆಯವರ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು, ಏಕೆಂದರೆ ಸಕ್ಕರೆ ಕಾಯಿಲೆಯವರಿಗೆ ಪಾದದ ಸ್ಪರ್ಶಜ್ಞಾನ ಕಡಿಮೆಯಾಗಿ, ಒಡಕು ಆಳವಾದರೂ ನೋವು ತಿಳಿಯದೇ ಹೋಗಬಹುದು. ದಿನವೂ ಬೆಳಕಿನಲ್ಲಿ ಅವರ ಅಂಗಾಲನ್ನು ನೀವೇ ನೋಡಿ. ಒಡಕಿನಲ್ಲಿ ರಕ್ತ, ಕೀವು, ಸುತ್ತ ಕೆಂಪು ಅಥವಾ ಬಿಸಿ ಕಂಡರೆ ಮನೆಮದ್ದಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಬರೀ ಒಣಗಿದ ಒಡಕಾದರೆ ಲೇಪವನ್ನು ಹಿಮ್ಮಡಿಗೂ ಅಂಗಾಲಿಗೂ ಹಚ್ಚಬಹುದು, ಬೆರಳುಗಳ ಸಂದಿಗೆ ಮಾತ್ರ ಬೇಡ. ಅಲ್ಲಿ ತೇವ ನಿಂತರೆ ಬೂಷ್ಟಿನ ಸೋಂಕು ಹಿಡಿಯುತ್ತದೆ. ಕಲ್ಲಿನಿಂದ ತಿಕ್ಕುವುದು, ಬ್ಲೇಡಿನಿಂದ ಹೆರೆಯುವುದು ಖಂಡಿತ ಕೂಡದು. ರಾತ್ರಿ ಅವರು ಹಾಸಿಗೆಯ ಮೇಲೆ ಕುಳಿತ ಮೇಲೆಯೇ ಹಚ್ಚಿ, ಸಡಿಲವಾದ ಹತ್ತಿಯ ಕಾಲುಚೀಲ ಹಾಕಿಬಿಡಿ. ನಡುರಾತ್ರಿ ಬಚ್ಚಲಿಗೆ ಏಳುವಾಗ ಅದರ ಮೇಲೆ ಜಾರದ ಚಪ್ಪಲಿ ಮೆಟ್ಟಿಕೊಳ್ಳಲಿ, ಜಿಡ್ಡುಗಾಲಿನಲ್ಲಿ ಟೈಲ್ಸ್ ನೆಲದ ಮೇಲೆ ಹೆಜ್ಜೆಯಿಡುವುದು ಬೇಡ.